ಸೋಫಾಗೆ ಒಂದು ಸ್ಟಾರ್

"ಒಂದು ಸ್ಟಾರೂ ದಂಡ," ಎಂದ ಅಣ್ಣ. "ಏನ್ಮಾಡೋದು, ಸೊನ್ನೆ ಕೊಡೋಕೆ ಇವರು ಬಿಡಲ್ಲ."

ರಜೆಯ ದಿನ. ಅಣ್ಣ ಸೋಫಾದ ನಟ್ಟನಡುವೆ ಕಾಲ ಮೇಲೆ ಕಾಲು ಹಾಕಿ ಕೂತು, ಫೋನನ್ನು ಮೂಗಿನ ಹತ್ತಿರ ಹಿಡಿದು, ತಾನು ಟೈಪ್ ಮಾಡಿದ್ದನ್ನು ಮನೆಮಂದಿಗೆಲ್ಲ ಓದಿ ಹೇಳುತ್ತಿದ್ದ. ಡ್ರೈವಿಂಗ್ ಸ್ಕೂಲ್ ನಡೆಸುವ ಮನುಷ್ಯ. ಪಕ್ಕದ ಸೀಟಿನವರಿಗೆ 'ಬ್ರೇಕು, ಬ್ರೇಕು' ಎಂದು ಕೂಗಿ ಕೂಗಿ ಗಂಟಲು ಹಿಗ್ಗಿಹೋಗಿತ್ತು. ಅವನು ಗುಟ್ಟು ಹೇಳಿದರೂ ಬೀದಿಯ ಕೊನೆಗೆ ಕೇಳುತ್ತಿತ್ತು.

"ಕೇಳಿ. 'ಹೊಸ ಹೋಮ್ ಥಿಯೇಟರ್ ರಿಸೀವರ್ ತಗೊಂಡೆ. ಮಾತು ಸ್ಪಷ್ಟ ಇಲ್ಲ. ಬೇಸ್‌ನ ಧಂ ಧಂ ಹೆಸರಿಗೂ ಇಲ್ಲ. ಶಬ್ದವೆಲ್ಲ ಒಂದೇ ಕಡೆ ವಾಲುತ್ತೆ. ತಗೊಳ್ಳೋರು ಹತ್ತು ಸಲ ಯೋಚನೆ ಮಾಡಿ.' ಹೇಗಿದೆ?"

"ನಂದೂ ಒಂದು ಸೇರಿಸು," ಎಂದರು ಅಪ್ಪ. ಅವರು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟ್ ಮಾಡಿ ರಿಟೈರ್ ಆದವರು. ಧ್ವನಿಯ ವಿಷಯ ಬಂದರೆ ಅವರದೇ ಕೊನೆಯ ಮಾತು. "ಟೀವೀಲಿ ಯಾರು ಬಾಯಿ ಬಿಟ್ಟರೂ ಅಡುಗೆಮನೆ ಬಾಗಿಲಲ್ಲಿ ನಿಂತು ಮಾತಾಡಿದ ಹಾಗಿರುತ್ತೆ. ನಿನ್ನೆ ಕೋರ್ಟ್ ಸೀನು. ಜಡ್ಜು ಶಿಕ್ಷೆ ಕೊಟ್ಟ. ನಾನು ಅಡುಗೆಮನೆ ಕಡೆ ತಿರುಗಿ 'ಏನಮ್ಮಾ?' ಅಂದೆ."

"ನಾನು ಒಲೆ ಮುಂದೆ ನಿಂತಿದ್ದೆ," ಎಂದಳು ಅತ್ತಿಗೆ. "ಮಾವ ಕರೆದ ರೀತಿ ನೋಡಿ, ಜೈಲು ನಂಗೇ ಆಯ್ತೇನೋ ಅಂದ್ಕೊಂಡೆ."

ಎಲ್ಲರೂ ನಕ್ಕರು. ಕಿಟಕಿಯ ಮೂಲೆಯಲ್ಲಿ, ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಪುಟ್ಟಿ ಮಾತ್ರ ನಗಲಿಲ್ಲ.

ಪುಟ್ಟಿ ಎಂದರೆ ಪುಟ್ಟ ಹುಡುಗಿಯಲ್ಲ. ಮೂವತ್ತು ದಾಟಿದ ಹೆಂಗಸು, ಊರ ಅರ್ಧ ಜನರ ಅಳತೆ ಬಾಯಲ್ಲೇ ಇಟ್ಟುಕೊಂಡ ಟೈಲರ್. ಮದುವೆ ಮುರಿದು ಅಣ್ಣನ ಮನೆಗೆ ಬಂದ ದಿನ ಅಣ್ಣ ಹಾಲಿನ ಈ ಮೂಲೆಯನ್ನು ಖಾಲಿ ಮಾಡಿಸಿ, "ಮಿಷನ್ ಇಲ್ಲಿಟ್ಕೋ, ಬೆಳಕು ಚೆನ್ನಾಗಿದೆ" ಎಂದಿದ್ದ. ಅಷ್ಟೇ. ಒಂದು ಪ್ರಶ್ನೆ ಕೇಳಿರಲಿಲ್ಲ. ಆ ಋಣವನ್ನು ಪುಟ್ಟಿ ತನಗೆ ತಾನೇ ಒಂದು ನಿಯಮ ಮಾಡಿಕೊಂಡು ತೀರಿಸುತ್ತಿದ್ದಳು. ಈ ಮನೆಯಲ್ಲಿ ತನಗೆ ಇಂಥದ್ದು ಬೇಕು, ಇಂಥದ್ದು ಬೇಡ ಎನ್ನುವ ಮಾತೇ ಬರಬಾರದು. ಸಾರಿಗೆ ಉಪ್ಪು ಕಡಿಮೆಯಾದರೂ ಸರಿ, ಫ್ಯಾನ್ ಜೋರಾದರೂ ಸರಿ.

"ಪುಟ್ಟಿ, ನಿನ್ನ ಅಭಿಪ್ರಾಯ ಏನು?"

"ನಂದೇನಿದೆ ಅಣ್ಣಾ. ನೀವು ಹೇಳಿದ್ದೇ."

ಸುಳ್ಳು! ಶುದ್ಧ ಸುಳ್ಳು. ಸ್ಪೀಕರುಗಳನ್ನೆಲ್ಲ ನಡೆಸುವ ಆ ಕಪ್ಪು ಪೆಟ್ಟಿಗೆ ಬಂದ ದಿನದಿಂದ ಅವಳ ಕಿವಿಗೆ ಹಬ್ಬ. ಎಲ್ಲರೂ ಹೊರಗೆ ಹೋದ ಮೇಲೆ ಸಣ್ಣಗೆ ಹಾಡು ಹಾಕಿಕೊಂಡರೆ, ಹಾಡುವವಳು ಎದುರಿಗೇ ಬಂದು ಸ್ಟೂಲ್ ಎಳೆದುಕೊಂಡು ಕೂತ ಹಾಗಿರುತ್ತಿತ್ತು. ಅವಳು ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಇವರೆಲ್ಲ ಇದನ್ನೇ ಕೇಳಿ ಬೈಯುತ್ತಿದ್ದಾರಲ್ಲ, ಕೆಟ್ಟಿರುವುದು ಇವರ ಕಿವಿಯೋ ನನ್ನ ತಲೆಯೋ ಎಂದು ಅವಳಿಗೆ ದಿಗಿಲಾಗಿತ್ತು.

"ಫಿಟ್ ಮಾಡಿದವನಿಗೆ ಕೆಲಸ ಬರಲ್ಲ ಅಂತಲೂ ಹಾಕ್ತೀನಿ," ಎಂದ ಅಣ್ಣ.

"ಪಾಪ ರೀ, ವೈರಪ್ಪ," ಎಂದಳು ಅತ್ತಿಗೆ. ಹೇಳಿದ್ದು ಗಂಡನಿಗೆ, ಕಣ್ಣು ಮಾತ್ರ ನಾದಿನಿಯ ಮೇಲೆ.

"ಪಾಪ ಅಂದ್ರೆ? ಕೆಲಸ ಕೆಡಿಸಿದ್ದು ಅವನೇ ತಾನೆ?" ಅಣ್ಣ ಬೆರಳಿನಿಂದ ಒತ್ತಿದ. "ಹೋಯ್ತು."

ಪುಟ್ಟಿಯ ಕೈಯಲ್ಲಿ ನೆಟ್ಟಗೆ ಹೋಗುತ್ತಿದ್ದ ಹೊಲಿಗೆ ಸೊಟ್ಟಗೆ ತಿರುಗಿ ತೋಳಿನ ಆಚೆಗೆ ಓಡಿತು.

*

ವೈರಪ್ಪ ಎಂದು ಹೆಸರಿಟ್ಟವಳು ಅತ್ತಿಗೆಯೇ. ಆಡಿಯೊ ಅಂಗಡಿಯಿಂದ ರಿಸೀವರ್ ಕೂರಿಸಲು ಬಂದವನು ಹೆಗಲ ಮೇಲೆ ವೈರಿನ ಸುರುಳಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಒಂದು ಲೋಟ ಕಾಫಿ ಕೊಟ್ಟು ಅತ್ತಿಗೆ ಅವನ ಪೂರ್ವಾಪರವನ್ನೆಲ್ಲ ಹೊರಗೆಳೆದಳು. ಇದ್ದದ್ದು ಅಕ್ಕನ ಮನೆಯ ಮಹಡಿಯ ಮೇಲೆ. ಮದುವೆಯಾಗಿಲ್ಲ. ಯಾಕೆ ಎಂದರೆ, "ಯಾರೂ ಕೇಳ್ಲಿಲ್ಲ" ಎಂದಿದ್ದ.

ಕೆಲಸ ಒಂದು ದಿನದ್ದು, ಹಿಗ್ಗಿ ಹಿಗ್ಗಿ ಮೂರು ದಿನವಾಯಿತು. ಕೊನೆಯಲ್ಲಿ ಒಂದು ಸಣ್ಣ ಮೈಕ್ ಇಟ್ಟು ಶಬ್ದದ ಅಳತೆ ತೆಗೆಯಬೇಕು ಎಂದು ಅವನು ಮೊದಲೇ ಹೇಳಿದ್ದ. ಅವನು ಗೋಡೆಗೆ ಮೊಳೆ ಹೊಡೆಯುತ್ತಿದ್ದರೆ ಅವಳ ಮಿಷನ್ ನಿಲ್ಲುತ್ತಿತ್ತು. ಅವಳ ಮಿಷನ್ ಓಡುತ್ತಿದ್ದರೆ ಅವನ ಸುತ್ತಿಗೆ ಕಾಯುತ್ತಿತ್ತು. ಯಾರೂ ಯಾರಿಗೂ ಹೇಳಿದ್ದಲ್ಲ. ಒಂದು ಹೊತ್ತಿನಲ್ಲಿ ಇಬ್ಬರೂ ಒಟ್ಟಿಗೇ ಕಾದರು. ಇಡೀ ಹಾಲ್ ಗಪ್‌ಚಿಪ್ಪಾಯಿತು. ಅವನು ಏಣಿಯ ಮೇಲಿಂದ ಕೆಳಗೆ ನೋಡಿದ, ಅವಳು ಬಟ್ಟೆಯಿಂದ ಮೇಲೆ ನೋಡಿದಳು.

"ನೀವು ಮೊದಲು," ಎಂದ.

"ಪರವಾಗಿಲ್ಲ, ನೀವೇ ಹೊಡೀರಿ."

"ಏನನ್ನ?"

"ಮೊಳೆ!" ಎಂದಳು. ಅವನು ನಕ್ಕ ರಭಸಕ್ಕೆ ಏಣಿ ಅಲ್ಲಾಡಿತು.

ಅವಳು ಫೋನಿನಲ್ಲಿ ಹಾಡು ಹಚ್ಚಿಕೊಂಡು ಹೊಲಿಯುತ್ತಿದ್ದಳು. ಹಾಡಿನ ಯಾವುದೋ ಒಂದು ಸಾಲು ಬಂದಾಗ ಮಿಷನ್ ನಿಲ್ಲಿಸಿ, ಸಾಲು ಮುಗಿದ ಮೇಲೆ ಮತ್ತೆ ತುಳಿಯುವುದನ್ನು ಅವನು ಗಮನಿಸಿದ್ದ.

"ಯಾಕೆ ಅಲ್ಲೇ ನಿಲ್ಲಿಸ್ತೀರಿ?"

"ಅಲ್ಲಿ ಅವಳು ಸಣ್ಣ ದನಿಯಲ್ಲಿ ಹಾಡ್ತಾಳೆ. ಮಿಷನ್ ಸದ್ದಿಗೆ ಕೇಳಲ್ಲ."

ಮುಂದಿನ ಸಲ ಆ ಸಾಲು ಬಂದಾಗ ಅವನ ಸುತ್ತಿಗೆಯೂ ನಿಂತಿತು. ಪುಟ್ಟಿ ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖ ಕೆಂಪಾಗಿದ್ದು ಏಣಿಯ ಮೇಲಿನವರೆಗೂ ಕಾಣುತ್ತಿತ್ತು.

ಕೆಲಸ ಮುಗಿದ ಮೇಲೂ ಅವನು ಸ್ಕ್ರೂಡ್ರೈವರ್ ಮರೆತೆ ಎಂದು ಒಮ್ಮೆ ಬಂದ. ಟೇಪು ಮರೆತೆ ಎಂದು ಇನ್ನೊಮ್ಮೆ ಬಂದ. "ಮುಂದಿನ ಸಲ ಏಣೀನೇ ಮರೆತು ಹೋಗ್ತಾನೆ ನೋಡು," ಎಂದಳು ಅತ್ತಿಗೆ. ಆಮೇಲೆ ಮರೆಯಲು ಏನೂ ಉಳಿಯಲಿಲ್ಲವೋ ಏನೋ, ಅವನು ಬರಲಿಲ್ಲ. ಪುಟ್ಟಿ ಕಾದಳು. ಕಾಯುತ್ತಿದ್ದೇನೆ ಎಂದು ತನಗೂ ಹೇಳಿಕೊಳ್ಳದೆ ಕಾದಳು.

*

ಅಣ್ಣನ ಒಂದು ಸ್ಟಾರ್ ಸುಮ್ಮನೆ ಹೋಗಲಿಲ್ಲ. ಮಾರನೆಯ ದಿನವೇ ಆಡಿಯೊ ಅಂಗಡಿಯ ಯಜಮಾನರು ಫೋನ್ ಮಾಡಿದರು. ಗುರುವಾರ ತಾವೇ ಬಂದು ನೋಡುತ್ತಾರಂತೆ, ಫಿಟ್ ಮಾಡಿದವನನ್ನೂ ಕರೆತರುತ್ತಾರಂತೆ. ಪೆಟ್ಟಿಗೆಯದೇ ದೋಷವಾದರೆ ಹೊಸದು ಕೊಡುತ್ತಾರೆ.

"ಫಿಟ್ ಮಾಡಿದವನ ದೋಷ ಆದ್ರೆ?" ಎಂದು ಅಣ್ಣ ಕೇಳಿದ.

ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಉತ್ತರ ಇಡೀ ಹಾಲಿಗೆ ಕೇಳಿತು: "ಆಗಲೇ ಒಂದು ಕಂಪ್ಲೇಂಟ್ ಇದೆ ಸರ್ ಅವನ ಮೇಲೆ. ಎರಡನೇದು ಬಂದ್ರೆ ಗಿರಾಕಿಗಳ ಮನೆಗೆ ಹೋಗೋ ಕೆಲಸ ಬಂದ್. ಇನ್ನೊಂದೂರಲ್ಲಿ ನಮ್ಮ ಗೋಡೌನ್ ಇದೆ, ಅಲ್ಲಿಗೆ ಕಳಿಸ್ತೀನಿ. ಪೆಟ್ಟಿಗೆ ಎತ್ತಿ ಇಳಿಸಿಕೊಂಡಿರಲಿ."

ಆ ಮಧ್ಯಾಹ್ನ ಅಣ್ಣ ಅತ್ತಿಗೆ ಕೆಲಸಕ್ಕೆ ಹೋಗಿದ್ದರು, ಅಪ್ಪ ಒಳಗೆ ಮಲಗಿದ್ದರು. ಪುಟ್ಟಿ ತನ್ನ ಹಾಡನ್ನು ಹಾಕಿ, ಜೀವನದಲ್ಲಿ ಮೊದಲ ಸಲ ಎಂಬಂತೆ, ಎದ್ದು ಹೋಗಿ ಸೋಫಾದಲ್ಲಿ ಅಣ್ಣನ ಜಾಗದಲ್ಲಿ ಕೂತಳು.

ಥೂ! ಹಾಡುವವಳು ಅಡುಗೆಮನೆಯ ಬಾಗಿಲಿಗೆ ಓಡಿಹೋಗಿದ್ದಳು. ತಬಲಾಗೆ ಜ್ವರ ಬಂದಿತ್ತು. ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಪುಟ್ಟಿ ಎದ್ದು ಮಿಷನ್ನಿನ ಕುರ್ಚಿಗೆ ಬಂದಳು. ಹಾಡುವವಳೂ ಹಿಂದೆಯೇ ಬಂದು ಎದುರಿಗೆ ಕೂತಳು. ಮತ್ತೆ ಸೋಫಾ, ಮತ್ತೆ ಕುರ್ಚಿ. ಹೀಗೆ ಹಾಲಿನಲ್ಲಿ ಹುಚ್ಚಿಯ ಹಾಗೆ ಓಡಾಡಿ ಕೊನೆಗೆ ಕುರ್ಚಿಯಲ್ಲೇ ಕುಸಿದಳು.

ಇಡೀ ಮನೆಯಲ್ಲಿ ಈ ಒಂದು ಕುರ್ಚಿಗೆ ಮಾತ್ರ ಸರಿಯಾಗಿ ಕೇಳುತ್ತದೆ. ಅವಳು ಬಟ್ಟೆ ಅಳೆಯುವವಳು. ಒಬ್ಬರ ಮೈಗೆ ಹೊಲಿದದ್ದು ಇನ್ನೊಬ್ಬರಿಗೆ ಹೇಗೆ ಕೂರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇದು ತನ್ನ ಅಳತೆಗೆ ಹೊಲಿದ ಶಬ್ದ.

ಖುಷಿಯಾಗಬೇಕಿತ್ತು. ಆಯಿತು ಕೂಡ, ಕಣ್ಣು ತುಂಬುವಷ್ಟು. ಅದರ ಬೆನ್ನಿಗೇ ಹೆದರಿಕೆ ಬಂತು. ಗುರುವಾರ ಇದೇ ಕುರ್ಚಿ ಅವನ ಅನ್ನ ಕಿತ್ತುಕೊಳ್ಳುತ್ತದೆ.

*

ಮರುದಿನ, ದಾರದ ಉಂಡೆ ತರುತ್ತೇನೆಂದು ಹೇಳಿ ಅವಳು ಆಡಿಯೊ ಅಂಗಡಿಗೆ ಹೋದಳು. ಗಾಜಿನ ಬಾಗಿಲು ನೂಕಿ ಒಳಗೆ ಬಂದಳು.

ಅವನು ಒಂದು ಸ್ಪೀಕರಿನ ಹೊಟ್ಟೆ ಬಗೆದು ನೆಲದ ಮೇಲೆ ಕೂತಿದ್ದ. ಅವಳನ್ನು ನೋಡಿದ್ದೇ ಎದ್ದು ನಿಂತ. ಮಂಡಿಗೆ ಧೂಳು, ಮುಖದಲ್ಲಿ ಅದೇನೋ ಬೆಳಕು. ಒಂದೇ ಕ್ಷಣ. ನಂತರ ಅದೂ ಆರಿತು.

"ನಿಮ್ಮಣ್ಣನ ಅಭಿಪ್ರಾಯ ಕೇಳಿದೆ," ಎಂದ. "ಓದಿದ್ದಲ್ಲ, ಕೇಳಿದ್ದು. ನಮ್ಮಲ್ಲಿ ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ಗಿರಾಕಿಗಳು ಬರೆದಿದ್ದನ್ನೆಲ್ಲ ಯಜಮಾನ್ರು ಗಟ್ಟಿಯಾಗಿ ಓದ್ತಾರೆ. ಹೊಗಳಿಕೆ ಬಂದವರು ಕೂರಬಹುದು. ಬೈಗುಳ ಬಂದವರು ನಿಂತೇ ಕೇಳ್ಬೇಕು."

"ನಿಂತಿದ್ರಾ?"

"ನಿಂತಿದ್ದೆ. ಅಡುಗೆಮನೆ ಬಾಗಿಲು ಅನ್ನೋದನ್ನ ಕೇಳಿ ಎಲ್ರೂ ನಕ್ರು. ನಂಗೂ ನಗು ಬಂತು."

ಅವಳಿಗೆ ನಗು ಬರಲಿಲ್ಲ. ದನಿ ತಗ್ಗಿಸಿ ಕೇಳಿದಳು: "ಅಳತೆ ತೆಗೆಯುವಾಗ ಮೈಕ್ ಎಲ್ಲಿಟ್ಟಿದ್ರಿ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಒರೆಸಿದ. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ಕೂತು ಕೇಳೋರ ಕಿವಿ ಎಲ್ಲಿರುತ್ತೋ ಅಲ್ಲಿ ಮೈಕ್ ಇಡ್ಬೇಕು. ಪೆಟ್ಟಿಗೆ ಆ ಜಾಗಕ್ಕೆ ಶಬ್ದ ಸರಿಮಾಡ್ಕೊಳ್ಳುತ್ತೆ. ಜಾಸ್ತಿ ಯಾರು ಕೇಳ್ತಾರೆ ಅಂತ ನಿಮ್ಮಪ್ಪನ್ನ ಕೇಳಿದೆ. ನಾವೆಲ್ಲ ರಜೆ ದಿನ ಅಷ್ಟೇ, ಪುಟ್ಟಿ ಬೆಳಗಿಂದ ಸಂಜೆವರೆಗೂ ಇಲ್ಲೇ ಇರ್ತಾಳೆ ಅಂದ್ರು. ಅವರು ಹೋಗಿ ಮಲಗಿದ್ರು. ನೀವೂ ಇರ್ಲಿಲ್ಲ."

"ಅದಕ್ಕೆ ನನ್ನ ಕುರ್ಚಿ ಮೇಲೆ ಇಟ್ರಿ."

"ಹೂಂ."

"ಸೋಫಾದಲ್ಲಿ ಕೂರೋ ಮೂರು ಜನರನ್ನ ಬಿಟ್ಟು."

"ಹೂಂ."

ಅವನು ಅಲ್ಲಿಗೇ ನಿಲ್ಲಿಸಿದ. ಇನ್ನೊಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಆ ಖಾಲಿ ಜಾಗಕ್ಕೆ ಪುಟ್ಟಿಯ ಮನಸ್ಸು ತನಗೆ ಗೊತ್ತಿದ್ದ ಉತ್ತರವನ್ನೇ ತಂದು ಇಟ್ಟಿತು. ಗಂಡ ಬಿಟ್ಟವಳು, ಮೂಲೆಯಲ್ಲಿ ಕೂತವಳು, ಪಾಪ.

"ಕನಿಕರನಾ?" ಎಂದಳು. "ಅತ್ತಿಗೆ ಎಲ್ಲಾ ಹೇಳಿರ್ತಾಳೆ ನಿಮಗೆ. ಅಯ್ಯೋ ಪಾಪ ಅಂತ ಒಂದು ಒಳ್ಳೆ ಕೆಲಸ ಮಾಡಿಬಿಟ್ರಿ ಅಲ್ವಾ?"

"ಕನಿಕರಕ್ಕೆ ಯಾರಾದ್ರೂ ಕೆಲಸ ಕಳ್ಕೋತಾರೇನ್ರೀ?"

"ಮತ್ತೆ ಯಾಕೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಗಿರಾಕಿ, "ಇದರಲ್ಲಿ ಫೋನ್ ಕನೆಕ್ಟ್ ಆಗುತ್ತಾ?" ಎನ್ನುತ್ತ ನಡುವೆ ಬಂದು ನಿಂತ. ಅವನ ಬಾಯಿ ಮುಚ್ಚಿತು.

ಗಿರಾಕಿ ಆಚೆ ಸರಿದ ಮೇಲೆ ಅವಳು ಬೇಗಬೇಗ ಹೇಳಿದಳು: "ಗುರುವಾರ ಪೆಟ್ಟಿಗೇನೇ ಕೆಟ್ಟಿದೆ ಅಂದ್ಬಿಡಿ. ಹೊಸದು ಬರುತ್ತೆ, ಈ ಸಲ ಸೋಫಾಗೆ ಇಡಿ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಇಲ್ಲ. ಪೆಟ್ಟಿಗೆ ನಾನು ಹೇಳಿದ್ದನ್ನೇ ಮಾಡಿದೆ. ಅದರ ಮೇಲೆ ಯಾಕೆ ಸುಳ್ಳು ಹೊರಿಸ್ಲಿ?" ಅವನು ತಲೆಯಾಡಿಸಿದ. "ಮೈ ಮರೆತು ಎಲ್ಲೋ ಇಟ್ಟೆ ಅಂತೀನಿ. ನಿಮ್ಮ ಹೆಸರು ಬರಲ್ಲ. ಹೆದರ್ಬೇಡಿ."

ಹೆದರಿಕೆ! ಅವಳಿಗೆ ಹೆದರಿಕೆ ತನ್ನ ಹೆಸರಿನದು ಎಂದುಕೊಂಡ ಈ ಮನುಷ್ಯ. ಅವಳು ತಿರುಗಿ ನಡೆದಳು. ದಾರದ ಉಂಡೆ ತರುವುದನ್ನು ಮರೆತಳು. ಮನೆಯಲ್ಲಿ ಅತ್ತಿಗೆ ಬರಿಗೈಯನ್ನು ನೋಡಿದಳು, ಮುಖವನ್ನು ನೋಡಿದಳು, ಕಾಫಿಗೆ ಇಟ್ಟಳು.

*

ಗುರುವಾರ ಯಜಮಾನರು ಬಂದರು. ದಪ್ಪ ಕನ್ನಡಕ, ಇಸ್ತ್ರಿ ಕೆಡದ ಶರ್ಟು. ಹಿಂದೆ ಅವನು, ಕೈಯಲ್ಲಿ ಟೂಲ್ ಬ್ಯಾಗು. ಅವನು ಪುಟ್ಟಿಯ ಮೂಲೆಯ ಕಡೆ ನೋಡಲೇ ಇಲ್ಲ. ನೋಡದಿರಲು ಪಡುತ್ತಿದ್ದ ಕಷ್ಟ ಕುತ್ತಿಗೆಯ ಬಿಗುವಿನಲ್ಲಿ ಕಾಣುತ್ತಿತ್ತು. ಪುಟ್ಟಿ ಮಿಷನ್ನಿನ ಮೇಲೆ ಬಗ್ಗಿದಳು. ಹೊಲಿಯಲು ಎತ್ತಿಕೊಂಡದ್ದು ಆಗಲೇ ಹೊಲಿದು ಮುಗಿದಿದ್ದ ಬಟ್ಟೆ.

ಯಜಮಾನರು ಸೋಫಾದಲ್ಲಿ ಕೂತು ಒಂದು ಸಿನಿಮಾದ ತುಣುಕು ಕೇಳಿದರು. ಹುಬ್ಬು ಗಂಟಾಯಿತು. ರಿಮೋಟ್ ಒತ್ತಿ ಟೀವಿಯ ಮೇಲೆ ಸೆಟ್ಟಿಂಗ್ ತೆರೆದರು. ಯಾವ ಸ್ಪೀಕರ್ ಕೇಳುವವರಿಂದ ಎಷ್ಟು ದೂರ ಎಂದು ಪೆಟ್ಟಿಗೆ ತಾನು ಅಳೆದಿದ್ದನ್ನು ತೋರಿಸಿತು.

"ಬಲಗಡೆ ಸ್ಪೀಕರ್ ಕೈ ಚಾಚಿದರೆ ಸಿಗುತ್ತೆ ಅಂತಿದೆ ಇದು," ಎಂದರು. "ನಾನು ಕೂತಿರೋದು ಇಲ್ಲಿ, ಅದಿರೋದು ಆ ಕಿಟಕಿ ಮೂಲೇಲಿ. ಏನಯ್ಯಾ ಇದು? ಮೈಕ್ ಎಲ್ಲಿಟ್ಟಿದ್ದೆ?"

"ಗಮನ ತಪ್ಪಿತು ಸರ್. ಎಲ್ಲೋ ಇಟ್ಟೆ."

"ಎಲ್ಲೋ ಅಂದ್ರೆ?"

"ನೆನಪಿಲ್ಲ."

"ನೋಡಿದ್ರಾ!" ಅಣ್ಣ ತೊಡೆ ತಟ್ಟಿದ. "ನಾನು ಹೇಳ್ಲಿಲ್ವಾ? ಸ್ಟೀರಿಂಗ್ ಎಲ್ಲಿದೆ ಅಂತ ಮರೆತವನು ಗಾಡಿ ಓಡಿಸಿದ ಹಾಗಾಯ್ತು."

ಯಜಮಾನರು ರಿಮೋಟ್ ಕೆಳಗಿಟ್ಟರು. ಅವರಿಗೂ ಬೇಸರವಾಗಿತ್ತು. "ಹತ್ತು ವರ್ಷ ಕೆಲಸ ಕಲಿತವನು ಆಡೋ ಮಾತೇನಯ್ಯಾ ಇದು? ಸರಿ. ನಾಳೆಯಿಂದ ಗೋಡೌನ್‌ಗೆ ಹೊರಡು."

"ಆಗ್ಲಿ ಸರ್."

ಅಷ್ಟೇ! ಆಗಲಿ ಸರ್ ಅಂತೆ. ಅವನು ಬಗ್ಗಿ ಬ್ಯಾಗಿನ ಜಿಪ್ ಎಳೆದ. ಆ ಸದ್ದು ಪುಟ್ಟಿಗೆ ಬಟ್ಟೆ ಹರಿದ ಹಾಗೆ ಕೇಳಿತು. ಈಗ ಅವನು ಎದ್ದು ಹೋಗುತ್ತಾನೆ. ಊರು ಬಿಡುತ್ತಾನೆ. ತಾನು ನಾಳೆಯೂ ಇದೇ ಕುರ್ಚಿಯಲ್ಲಿ ಕೂತು, ಕೇಳಿದವರಿಗೆಲ್ಲ 'ನಂದೇನಿದೆ' ಎನ್ನುತ್ತಿರುತ್ತಾಳೆ. ಸಾಯುವವರೆಗೂ.

"ಅವರಿಗೆ ನೆನಪಿದೆ," ಎಂದಳು ಪುಟ್ಟಿ.

ಎಲ್ಲರೂ ತಿರುಗಿದರು. ಅವನೂ ತಿರುಗಿದ. ಬೇಡ ಎಂದು ಕಣ್ಣಲ್ಲೇ ಅಂದ. ಅವಳು ಅದನ್ನು ನೋಡಿಯೂ ನೋಡದವಳಂತೆ ಎದ್ದು ನಿಂತು ಕುರ್ಚಿಯನ್ನು ಹಿಂದಕ್ಕೆಳೆದಳು.

"ಅಣ್ಣಾ, ಇಲ್ಲಿ ಬಂದು ಕೂತ್ಕೋ."

"ನಾನಾ? ಅಲ್ಲಿಗಾ?"

"ಕೂತ್ಕೋ ಅಂದೆ."

ತಂಗಿ ತನಗೆ ಹೀಗೆ ಹೇಳಿದ್ದನ್ನು ಅಣ್ಣ ಎಂದೂ ಕೇಳಿರಲಿಲ್ಲ. ಬಂದು, ಮಿಷನ್ನಿಗೆ ಹೊಟ್ಟೆ ತಾಗಿಸಿಕೊಂಡು, ಆ ಸಣ್ಣ ಕುರ್ಚಿಯಲ್ಲಿ ಕೂತ. ಅವಳು ಅದೇ ಸಿನಿಮಾದ ತುಣುಕನ್ನು ಮತ್ತೆ ಹಾಕಿದಳು. ಅಣ್ಣನ ಮುಖ ನೋಡುವ ಹಾಗಿತ್ತು. ಯಾರೋ ಹಿಂದಿನಿಂದ ನಡೆದು ಹೋದರೆಂದು ಥಟ್ಟನೆ ತಿರುಗಿ ನೋಡಿದ, ಅಲ್ಲಿದ್ದದ್ದು ಗೋಡೆ.

"ಪುಟ್ಟಿ... ನೀನು ದಿನಾ ಇದನ್ನ ಕೇಳ್ತಿದ್ಯಾ?"

"ಹೂಂ."

"ಮತ್ತೆ ಅವತ್ತು ಕೇಳಿದಾಗ ಹೇಳ್ಲೇ ಇಲ್ಲ?"

ಬೀದಿಯ ಕೊನೆಗೂ ಕೇಳುತ್ತಿದ್ದ ಅಣ್ಣನ ದನಿ ಮೊದಲ ಸಲ ಸಣ್ಣದಾಗಿತ್ತು.

"ಅಂದ್ರೆ ಮೈಕ್ ಇಟ್ಟಿದ್ದು ಹೊಲಿಗೆ ಮಿಷನ್‌ಗೆ!" ಯಜಮಾನರು ಕನ್ನಡಕ ತೆಗೆದರು. "ಸೋಫಾ ಬಿಟ್ಟು ಅಲ್ಲಿ ಯಾಕಿಟ್ಟೆ?"

"ನಾನೇ ಹೇಳಿದ್ದು ಅಲ್ಲಿಡಿ ಅಂತ," ಎಂದಳು ಪುಟ್ಟಿ.

"ಅವರು ಹೇಳಿಲ್ಲ ಸರ್," ಎಂದ ಅವನು.

"ಹೇಳಿದ್ದೆ."

"ಹೇಳಿಲ್ಲ. ಇದರಲ್ಲಿ ಅವರದೇನೂ ಇಲ್ಲ."

"ನಾನೇ ಹೇಳಿದ್ದು ಅಂತಿದ್ದೀನಲ್ಲ!"

"ಅಲ್ವೇ ಪುಟ್ಟಿ," ಎಂದಳು ಅತ್ತಿಗೆ ಬಲು ಮೆತ್ತಗೆ, "ಅವರು ಮೈಕ್ ಇಡೋ ಹೊತ್ತಿಗೆ ನೀನು ನನ್ನ ಜೊತೆ ಗುಂಡಿ ಅಂಗಡಿಗೆ ಬಂದಿದ್ಯಲ್ಲೇ? ಅಲ್ಲಿಂದ ಹೇಗೆ ಹೇಳಿದೆ?"

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಅಣ್ಣ ಕುರ್ಚಿಯಿಂದ ಎದ್ದ. "ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದೀರಿ."

"ಇಬ್ಬರೂ ಒಂದೇ ಮಾತು ಹೇಳ್ತಿದ್ದಾರೆ ಕಣೋ," ಎಂದರು ಅಪ್ಪ. "ನಿಂಗೆ ಕೇಳ್ತಿಲ್ಲ ಅಷ್ಟೇ."

ಅವನು ಬ್ಯಾಗನ್ನು ನೆಲಕ್ಕಿಟ್ಟು ನೆಟ್ಟಗೆ ನಿಂತ. ಬೆಳಿಗ್ಗೆ ಅಂಗಡಿಯಲ್ಲಿ ಬೈಗುಳ ಕೇಳಲು ನಿಲ್ಲುತ್ತಿದ್ದದ್ದೂ ಹೀಗೆಯೇ ಇರಬೇಕು.

"ಬೇಕಂತಲೇ ಇಟ್ಟೆ ಸರ್," ಎಂದ ಯಜಮಾನರಿಗೆ. ಆಮೇಲೆ ಅಣ್ಣನ ಕಡೆ ತಿರುಗಿದ. "ಅವರು ಒಂದು ಹಾಡು ಕೇಳೋಕೆ ಮಿಷನ್ ನಿಲ್ಲಿಸ್ತಿದ್ರು. ನಿಲ್ಲಿಸದೆ ಕೇಳೋ ಹಾಗಾಗ್ಲಿ ಅನ್ನಿಸ್ತು. ಕನಿಕರ ಅಲ್ಲ. ಅವರು ಕೇಳ್ತಾ ಕೂತಿದ್ರೆ ನಾನು ಎಷ್ಟು ಹೊತ್ತು ಬೇಕಾದ್ರೂ ನೋಡ್ತಾ ನಿಂತಿರ್ತೀನಿ, ಅದಕ್ಕೆ. ನಂಗೆ ಅವರು ಅಂದ್ರೆ ಇಷ್ಟ. ಮರೆತ ಸಾಮಾನೆಲ್ಲ ಮುಗಿದ ಮೇಲೆ ಇಲ್ಲಿಗೆ ಬರೋಕೆ ಧೈರ್ಯ ಆಗ್ಲಿಲ್ಲ. ನಿಮ್ಮ ಸೋಫಾಗೆ ಮೋಸ ಮಾಡಿದ್ದು ತಪ್ಪು. ಗೋಡೌನ್‌ಗೆ ಹೋಗ್ತೀನಿ."

ಅಣ್ಣನ ಮುಖ ಒಮ್ಮೆ ಕೆಂಪಾಯಿತು, ಒಮ್ಮೆ ಬಿಳುಚಿತು. "ನನ್ನ ಮನೇಲಿ, ನನ್ನ ರಿಸೀವರ್‌ನಲ್ಲಿ, ನನ್ನ ತಂಗೀಗೆ..." ಎಂದು ಶುರು ಮಾಡಿದವನು ದಾರಿ ತಪ್ಪಿ ನಿಂತ. ಕೊನೆಗೆ ಅವಳ ಕಡೆ ನೋಡಿದ. "ಪುಟ್ಟಿ. ನೀನೇನಂತೀಯ?"

ಮಾತು ಗಂಟಲಿಗೆ ಬಂತು. ಅಲ್ಲೇ ನಿಂತಿತು. ಇಷ್ಟು ವರ್ಷ ಮುಚ್ಚಿದ್ದ ಬಾಗಿಲು, ತುಕ್ಕು ಹಿಡಿದಿತ್ತು. ಎಲ್ಲರ ಕಣ್ಣೂ ತನ್ನ ಮೇಲೆ. ಅವನ ಕಣ್ಣು ಮಾತ್ರ ನೆಲದ ಮೇಲೆ.

ಅವಳು ಮಾತಾಡದ್ದನ್ನು ನೋಡಿ ಯಜಮಾನರೇ ಕೆಮ್ಮಿದರು. "ಅದು ನಿಮ್ಮ ಮನೆ ವಿಷಯ. ಮೊದಲು ಈ ಅಳತೆ ಸರಿ ಮಾಡ್ಲಿ. ಬಂದಿದ್ದಕ್ಕೆ ಅದಾದರೂ ಆಗ್ಲಿ. ಮೈಕ್ ತೆಗಿಯಯ್ಯಾ, ಸೋಫಾ ಮೇಲಿಡು."

ಅವನು ಮೈಕನ್ನು ಸೋಫಾದ ನಡುವೆ ನಿಲ್ಲಿಸಿ, ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿದ. ಬಟನ್ನಿನ ಮೇಲೆ ಬೆರಳಿಟ್ಟು ಒಂದು ಗಳಿಗೆ ತಡೆದ. ಇದನ್ನು ಒತ್ತಿದರೆ ಆ ಕುರ್ಚಿಯ ಶಬ್ದ ಅಳಿಸಿಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಒತ್ತಿದ.

"ಯಾರೂ ತುಟಿ ಬಿಚ್ಬೇಡಿ," ಎಂದು ಯಜಮಾನರು ಪಿಸುಗುಟ್ಟಿದರು. "ಒಂದು ಪಿಸುಮಾತು ಬಿದ್ದರೂ ಅಳತೆ ಕೆಡುತ್ತೆ."

'ಉಂಯ್' ಎಂದು ಎಡಗಡೆಯ ಸ್ಪೀಕರ್ ಕೂಗಿತು. ನಿಂತಿತು. ನಡುವಿನದು ಕೂಗಿತು. ಐದು ಜನ ಗೋಡೆಗೊರಗಿ ಗೊಂಬೆಗಳ ಹಾಗೆ ನಿಂತಿದ್ದರು. ಅವನು ಪೆಟ್ಟಿಗೆಯ ಪಕ್ಕ ಮಂಡಿಯೂರಿದ್ದ. ಒಂದೊಂದೇ ಸ್ಪೀಕರಿನ ಸರದಿ ಮುಗಿಯುತ್ತಿತ್ತು. ಎಲ್ಲ ಮುಗಿದ ಮೇಲೆ ಅವನು ಮೈಕ್ ಸುತ್ತಿ ಬ್ಯಾಗಿಗೆ ಹಾಕುತ್ತಾನೆ. ಜಿಪ್ ಎಳೆಯುತ್ತಾನೆ. ನಮಸ್ಕಾರ ಅನ್ನುತ್ತಾನೆ. ಆಗ ಮಾತಾಡಿದರಾಯಿತು ಎಂದುಕೊಂಡರೆ, ಆಗಲೂ ಗಂಟಲು ಹೀಗೇ ಕಟ್ಟುತ್ತದೆ. ಅವಳಿಗೆ ತನ್ನ ಗುಣ ಗೊತ್ತಿಲ್ಲವೇ?

ಬಲಗಡೆಯ ಸ್ಪೀಕರ್ ಕೂಗಿತು.

ಅವನು ತಲೆಯೆತ್ತಿದ. ಆ ನಿಶ್ಶಬ್ದದಲ್ಲಿ, ಇಷ್ಟು ಹೊತ್ತು ತಡೆದದ್ದನ್ನು ತಡೆಯಲಾಗದೆ, ಅವಳನ್ನು ನೋಡಿದ. ಕೊನೆಯ ಸಲ ನೋಡುವವರು ನೋಡುವ ಹಾಗೆ ನೋಡಿದ.

"ನಂಗೂ ನೀವು ಬೇಕು," ಎಂದಳು ಪುಟ್ಟಿ.

ಪಿಸುಮಾತಲ್ಲ. ಹಾಲಿಗೆಲ್ಲ ಕೇಳುವ ಹಾಗೆ, ಬೀದಿಗೂ ಕೇಳಿದರೆ ಕೇಳಲಿ ಎನ್ನುವ ಹಾಗೆ ಅಂದಳು. "ಅಣ್ಣಾ, ಕೇಳಿದ್ಯಲ್ಲ, ಇದೇ ನನ್ನ ಉತ್ತರ. ನಂಗೆ ಇವರು ಬೇಕು. ಗೋಡೌನ್‌ಗೆ ಹೋದ್ರೆ ನಾನೂ ಮಿಷನ್ ಎತ್ಕೊಂಡು ಆ ಊರಿಗೇ ಹೋಗ್ತೀನಿ."

ಸ್ಪೀಕರ್ ಅರ್ಧಕ್ಕೇ ನಿಂತಿತು. ಟೀವಿಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು: ಕೋಣೆಯಲ್ಲಿ ಸದ್ದು ಹೆಚ್ಚಾಗಿದೆ. ಮೊದಲಿನಿಂದ ಪ್ರಾರಂಭಿಸಿ.

"ಅಯ್ಯೋ ರಾಮಾ!" ಯಜಮಾನರು ಹಣೆ ಚಚ್ಚಿಕೊಂಡರು. "ಇನ್ನೇನು ಮುಗೀತಿತ್ತು!"

"ಮುಗೀಲಿ ಬಿಡಿ ನಿಧಾನಕ್ಕೆ," ಎಂದಳು ಅತ್ತಿಗೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಅಪ್ಪ ಸದ್ದಿಲ್ಲದೆ ನಗುತ್ತಿದ್ದರು. ಅಣ್ಣ ಮಾತ್ರ ನಿಂತಲ್ಲೇ ನಿಂತು ತಂಗಿಯನ್ನು ನೋಡುತ್ತಿದ್ದ. ಅವಳು ಬೇಕು ಎಂದದ್ದನ್ನು ತಾನು ಯಾವತ್ತಾದರೂ ಕೇಳಿದ್ದೆನೇ ಎಂದು ನೆನಪು ಮಾಡಿಕೊಳ್ಳುತ್ತಿದ್ದನೋ ಏನೋ. ನಂತರ ಯಜಮಾನರ ಕಡೆ ತಿರುಗಿದ.

"ಇವರನ್ನ ಎಲ್ಲಿಗೂ ಕಳಿಸ್ಬೇಡಿ. ಒಂದು ಸ್ಟಾರ್ ಕೊಟ್ಟ ನಾನೇ ಹೇಳ್ತಿದ್ದೀನಿ."

"ಮತ್ತೆ ನಿಮ್ಮ ಸೋಫಾ?"

"ಸೋಫಾ ಎಲ್ಲಿಗೆ ಹೋಗುತ್ತೆ ಸ್ವಾಮಿ? ಇವತ್ತಲ್ಲ ನಾಳೆ ಸರಿ ಮಾಡ್ತಾರೆ. ಬನ್ನಿ, ಒಳಗೆ ಕಾಫಿ ಕುಡಿಯೋಣ." ಯಜಮಾನರನ್ನು ತೋಳು ಹಿಡಿದು ಕರೆದುಕೊಂಡು ಹೋದ. ಅಪ್ಪನನ್ನು ಅತ್ತಿಗೆ ಕರೆದೊಯ್ದಳು. ಹೋಗುವಾಗ ಅಪ್ಪ ತಿರುಗಿ ನೋಡಲು ಹೊರಟರು, ಅವಳು ಬಿಡಲಿಲ್ಲ.

ಹಾಲಿನಲ್ಲಿ ಇಬ್ಬರೇ ಉಳಿದರು. ಅವನು ಇನ್ನೂ ಮಂಡಿಯೂರಿಯೇ ಇದ್ದ. ಎದ್ದು ನಿಲ್ಲುವುದು ಹ್ಯಾಗೆಂದು ಮರೆತವನ ಹಾಗಿದ್ದ.

"ಇನ್ನೊಂದ್ಸಲ ಹೇಳಿ," ಎಂದ.

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೂ ಹೇಳಿ."

ಅವಳು ಸೋಫಾದ ಮೇಲೆ ಕಿವಿ ನಿಮಿರಿಸಿಕೊಂಡು ನಿಂತಿದ್ದ ಮೈಕನ್ನು ನೋಡಿದಳು.

"ಮೊದ್ಲು ಅದನ್ನ ತೆಗೀರಿ."

ಅವನು ಕೈ ಚಾಚಿ ಮೈಕಿನ ವೈರ್ ಕಿತ್ತ.